ಊರಿನ ಕೆಲಸಕ್ಕೆ ಊರಿನ ದುಡ್ಡು: ಸಣ್ಣ ಸಂಘ ದೇಣಿಗೆ ಕೇಳುವುದು, ಲೆಕ್ಕ ಇಡುವುದು ಹೇಗೆ?

ನಮ್ಮ ಸಂಘಕ್ಕೆ ಇರುವುದು ಒಂದೇ ಕೋಣೆ. ಕುಮಟಾ ತಾಲೂಕಿನ ಒಂದು ಊರು, ಹೆದ್ದಾರಿಯಿಂದ ಸ್ವಲ್ಪ ಒಳಗೆ, ಹಳೇ ಹಂಚಿನ ಮನೆಯ ಹೊರಕೋಣೆ. ಅದರಲ್ಲಿ ತಲೆಯ ಕಡೆ ಎತ್ತಬಹುದಾದ ಮೂರು ಮಂಚ, ನಾಲ್ಕು ಗಾಲಿಕುರ್ಚಿ, ಆರು ವಾಕರ್, ಎರಡು ಏರ್‌ಬೆಡ್, ಕಮೋಡ್ ಕುರ್ಚಿಗಳು, ಎರಡು ಆಕ್ಸಿಜನ್ ಕಾನ್ಸಂಟ್ರೇಟರ್ (ಗಾಳಿಯಿಂದ ಆಕ್ಸಿಜನ್ ಒದಗಿಸುವ ಯಂತ್ರ) ಇವೆ. ಬಾಗಿಲ ಪಕ್ಕ ಮೊಳೆಗೆ ದಾರ ಕಟ್ಟಿ ಒಂದು ಉದ್ದ ಪುಸ್ತಕ ನೇತುಹಾಕಿದ್ದೇವೆ. ಯಾರು ಏನು ಒಯ್ದರು, ಯಾವತ್ತು ವಾಪಸ್ ತಂದರು, ತಂದಾಗ ಸಾಮಾನು ಹೇಗಿತ್ತು, ಎಲ್ಲ ಅದರಲ್ಲಿದೆ. ಬೇಕಾದ ರೋಗಿಗಳ ಮನೆಗೆ ಕೊಡುತ್ತೇವೆ, ಬಾಡಿಗೆ ಇಲ್ಲ, ಠೇವಣಿಯೂ ಇಲ್ಲ.

ಇದೆಲ್ಲ ಬಂದದ್ದು ದೇಣಿಗೆಯಿಂದ. ಹೆಚ್ಚಿನದು ಸುತ್ತಲಿನ ಊರವರದ್ದು, ಸ್ವಲ್ಪ ಮುಂಬಯಿ ಮತ್ತು ಗಲ್ಫ್‌ನಲ್ಲಿರುವ ನಮ್ಮವರದ್ದು, ಒಂದಿಷ್ಟು ಸಹಕಾರಿ ಸೊಸೈಟಿಯದ್ದು. ಖಜಾಂಚಿ ಕೆಲಸ ಹಲವು ವರ್ಷದಿಂದ ನನ್ನ ಕೈಯಲ್ಲಿದೆ. "ನಮ್ಮೂರಲ್ಲೂ ಹೀಗೆ ಮಾಡಬೇಕು, ಶುರು ಎಲ್ಲಿಂದ ಮಾಡೋದು?" ಅಂತ ಅಂಕೋಲೆಯಿಂದ, ಹೊನ್ನಾವರದಿಂದ, ಶಿರಸಿ ಕಡೆಯಿಂದ ಜನ ಫೋನ್ ಮಾಡುತ್ತಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಇಲ್ಲಿ ಬರೆದಿಡುತ್ತಿದ್ದೇನೆ. ನಿಮ್ಮದು ಕೆರೆ ಹೂಳೆತ್ತುವ ಕೆಲಸ ಇರಬಹುದು, ಶಾಲೆ ಮಕ್ಕಳ ಪುಸ್ತಕದ್ದು ಇರಬಹುದು, ಯಕ್ಷಗಾನ ತರಬೇತಿಯದ್ದು ಇರಬಹುದು. ದಾರಿ ಹೆಚ್ಚುಕಡಿಮೆ ಒಂದೇ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕೊಡುವವರಿಗೆ ಕೊರತೆ ಇಲ್ಲ. 1953ರಲ್ಲಿ ದಿನಕರ ದೇಸಾಯಿಯವರು ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಊರೂರಿಗೆ ಹೈಸ್ಕೂಲು ತಂದರು. ಕುಮಟಾದ ಕಾಲೇಜಿಗೆ ಇರುವುದು ಮುಂಬಯಿಯಲ್ಲಿ ಹೆಸರು ಮಾಡಿದ ಶಸ್ತ್ರವೈದ್ಯ ಡಾ. ಎ.ವಿ. ಬಾಳಿಗಾ ಅವರ ಹೆಸರು. ಆರ್.ಎನ್. ಶೆಟ್ಟಿಯವರು ಮುರ್ಡೇಶ್ವರದಲ್ಲಿ ದೇವಸ್ಥಾನದ ಜೊತೆ ಆಸ್ಪತ್ರೆಯನ್ನೂ ಕಟ್ಟಿಸಿದರು. ಹೊರಗೆ ಹೋಗಿ ದುಡಿದವರು ಊರಿಗೆ ವಾಪಸ್ ಕೊಡುವುದು ನಮ್ಮ ಕರಾವಳಿಯಲ್ಲಿ ಹೊಸದಲ್ಲ. ಜನ ಹಿಂದೇಟು ಹಾಕುವುದು ಒಂದೇ ಕಾರಣಕ್ಕೆ: ಕೊಟ್ಟ ದುಡ್ಡು ಏನಾಯಿತು ಅಂತ ತಿಳಿಯದೇ ಹೋದಾಗ. ಇಲ್ಲಿ ಲೆಕ್ಕದ ವಿಷಯಕ್ಕೆ ಅಷ್ಟು ಜಾಗ ಕೊಟ್ಟಿರುವುದು ಅದಕ್ಕೇ.

ಮೊದಲು ಊರು ಸುತ್ತಿ

ರಸೀದಿ ಪುಸ್ತಕ ಛಾಪಿಸುವ ಮೊದಲು ಒಂದು ನೋಟ್‌ಬುಕ್ ಹಿಡಿದು ಊರು ಸುತ್ತಿ. ಒಂದು ವಾರ ಸಾಕು. ಯಾರ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾವ ಮನೆಯಲ್ಲಿ ವಯಸ್ಸಾದವರಿಬ್ಬರೇ ಇದ್ದಾರೆ, ಯಾರಿಗೆ ಡಯಾಲಿಸಿಸ್‌ಗೆ ಹೋಗಿಬರುವುದೇ ಕಷ್ಟ, ಇದೆಲ್ಲ ಆಶಾ ಕಾರ್ಯಕರ್ತೆಯರಿಗೆ ನಮಗಿಂತ ಚೆನ್ನಾಗಿ ಗೊತ್ತು. ಅವರನ್ನು ಕೇಳಿ. ಅಂಗನವಾಡಿ ಟೀಚರನ್ನು ಕೇಳಿ. ಆಂಬುಲೆನ್ಸ್ ಓಡಿಸುವವರನ್ನೂ ಕೇಳಿ, ಅವರು ಹೇಳುವ ಮಾತು ಬೇರೆ ಯಾರೂ ಹೇಳುವುದಿಲ್ಲ.

ನಾವು ಹೀಗೆ ಸುತ್ತಿದಾಗ ಒಂದು ಮಾತು ಮನೆಮನೆಯಲ್ಲೂ ಕೇಳಿಬಂತು. ದೊಡ್ಡ ಆಸ್ಪತ್ರೆ ಅಂದರೆ ನಮ್ಮವರು ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾದ ಬಾಂಬೋಳಿಗೆ ಹೋಗಬೇಕು. 2022ರ ಜುಲೈನಲ್ಲಿ ಇಲ್ಲಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್ ಹತ್ತಿರ ಪಲ್ಟಿಯಾದ ಮೇಲೆ ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕು ಅಂತ ಎಷ್ಟು ದೊಡ್ಡ ಕೂಗು ಎದ್ದಿತ್ತು, ನೆನಪಿದೆ ಅಲ್ವಾ? ಆಸ್ಪತ್ರೆ ಕಟ್ಟುವುದು ನಮ್ಮ ಕೈಯಲ್ಲಿಲ್ಲ. ಆದರೆ ಅಲ್ಲಿಂದ ಆಪರೇಶನ್ ಮುಗಿಸಿ ಮನೆಗೆ ಬಂದವರ ಕಷ್ಟ ಬೇರೆಯೇ. ಎರಡು ತಿಂಗಳಿಗೆ ಮಂಚ ಬೇಕು, ಒಂದು ತಿಂಗಳಿಗೆ ವಾಕರ್ ಬೇಕು. ಆಮೇಲೆ ಅದು ಅಟ್ಟ ಸೇರುತ್ತದೆ. ಪ್ರತಿ ಮನೆಯವರೂ ಕೊಂಡು ಅಟ್ಟಕ್ಕೆ ಹಾಕುವ ಬದಲು ಊರಿಗೆಲ್ಲ ಒಂದೇ ಕಡೆ ಇಟ್ಟರೆ? ನಮ್ಮ ಕೋಣೆ ಶುರುವಾದದ್ದು ಹೀಗೆ.

ಹೀಗೆ ಕೇಳದೇ ಶುರು ಮಾಡಿದರೆ ಏನಾಗುತ್ತದೆ ಅಂತಲೂ ನೋಡಿದ್ದೇನೆ. 2019ರ ಆಗಸ್ಟ್‌ನಲ್ಲಿ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟು ಕಾಳಿ ನದಿ ದಂಡೆಯ ಊರುಗಳು ಮುಳುಗಿದಾಗ ನಾವೂ ಒಂದು ಟೆಂಪೋ ತುಂಬ ಬಟ್ಟೆ ಒಯ್ದಿದ್ದೆವು. ಅಲ್ಲಿ ಬಟ್ಟೆ ಆಗಲೇ ರಾಶಿ ಬಿದ್ದಿತ್ತು. ಅವರಿಗೆ ಬೇಕಾಗಿದ್ದು ಒಣ ಹಾಸಿಗೆ, ಗ್ಯಾಸ್ ಒಲೆ, ಮಕ್ಕಳ ಶಾಲೆ ಪುಸ್ತಕ. ಹೊರಡುವ ಮೊದಲು ಅಲ್ಲಿಯವರಿಗೆ ಒಂದು ಫೋನ್ ಮಾಡಿದ್ದರೆ ಅದೇ ದುಡ್ಡಿಗೆ ಅದನ್ನೇ ತರಬಹುದಿತ್ತು. 2024ರ ಜುಲೈನಲ್ಲಿ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದಾಗ ನಾವು ಮೊದಲು ಮಾಡಿದ್ದು ಫೋನ್.

ಹೊಸ ಸಂಘ ಬೇಕೇ ಬೇಕಾ?

ಹೆಚ್ಚಿನವರು ಮೊದಲ ದಿನವೇ ಸಂಘಕ್ಕೆ ಹೆಸರು ಹುಡುಕಲು ಕೂರುತ್ತಾರೆ. ನನ್ನ ಪ್ರಕಾರ ಅದು ಆಮೇಲಿನ ಕೆಲಸ. ಸರ್ಕಾರಿ ಶಾಲೆಗೆ ಬೆಂಚು ಬೇಕಿದ್ದರೆ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಇದೆ. ಸರ್ಕಾರಿ ಆಸ್ಪತ್ರೆಗೆ ಏನಾದರೂ ಕೊಡುವುದಿದ್ದರೆ ಆರೋಗ್ಯ ರಕ್ಷಾ ಸಮಿತಿ ಇದೆ. ಊರಲ್ಲಿ ಆಗಲೇ ಒಂದು ಯುವಕ ಮಂಡಳಿಯೋ ಮಹಿಳಾ ಮಂಡಳವೋ ರಿಜಿಸ್ಟರ್ ಆಗಿ, ಲೆಕ್ಕ ಸರಿಯಾಗಿ ಇಟ್ಟುಕೊಂಡು ಬಂದಿದ್ದರೆ ಅದರ ಅಡಿಯಲ್ಲೇ ಒಂದು ಸಮಿತಿ ಮಾಡಿಕೊಂಡರೆ ಸಾಕು. ಹೊಸ ಸಂಘ ಅಂದರೆ ಪ್ರತಿ ವರ್ಷ ಸಭೆ, ಆಡಿಟ್, ರಿಟರ್ನ್. ಇದನ್ನು ಹತ್ತು ವರ್ಷ ಮಾಡುವ ಜನ ಇದ್ದಾರಾ ಅಂತ ಕೇಳಿಕೊಳ್ಳಿ.

ಕೆರೆಯ ಕೆಲಸವಾದರೆ ಇನ್ನೂ ಒಂದು ಹೆಜ್ಜೆ ಇದೆ. ಪಹಣಿ ತೆಗೆಸಿ ಜಾಗ ಯಾರದ್ದು ಅಂತ ನೋಡಿ, ಪಂಚಾಯ್ತಿಯಿಂದ ಬರವಣಿಗೆಯಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಬಾಯಿಮಾತಿನ ಒಪ್ಪಿಗೆ ನಂಬಿ ಜೆಸಿಬಿ ಇಳಿಸಬೇಡಿ. ಶಿರಸಿಯಲ್ಲಿ ಜೀವಜಲ ಕಾರ್ಯಪಡೆ ಜನರಿಂದಲೇ ದುಡ್ಡು ಸೇರಿಸಿ ಕೆರೆಗಳ ಹೂಳು ತೆಗೆದಿದೆ. ಕೆರೆ ಕೆಲಸ ಮಾಡಬೇಕು ಅನ್ನುವವರು ಒಮ್ಮೆ ಹೋಗಿ ಅವರ ಜೊತೆ ಕೂತು ಮಾತಾಡಿ ಬರುವುದು ಒಳ್ಳೆಯದು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ 'ನಮ್ಮೂರು ನಮ್ಮ ಕೆರೆ' ಕಾರ್ಯಕ್ರಮದಲ್ಲೂ ಕೆರೆಗೆ ನೆರವು ಸಿಗುತ್ತದೆ.

ಹೊಸ ಸಂಘ ಬೇಕೇ ಬೇಕು ಅಂತ ಆದರೆ ದಾರಿ ಎರಡು. ಒಂದು, 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ. ಕಡಿಮೆಯೆಂದರೆ 7 ಜನ ಸದಸ್ಯರು ಬೇಕು, ಬೈಲಾ (ಸಂಘದ ನಿಯಮಾವಳಿ) ಬರೆಯಬೇಕು, ಸಹಕಾರ ಇಲಾಖೆಯ ಜಿಲ್ಲಾ ನೋಂದಣಾಧಿಕಾರಿ ಹತ್ತಿರ ರಿಜಿಸ್ಟರ್ ಮಾಡಿಸಬೇಕು. ಇನ್ನೊಂದು ಟ್ರಸ್ಟ್. ಅದು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಆಗುತ್ತದೆ, ಬೇಗ ಆಗುತ್ತದೆ. ನಾನು ಊರಿನ ಕೆಲಸಕ್ಕೆ ಸಂಘವೇ ಸರಿ ಅನ್ನುತ್ತೇನೆ. ಟ್ರಸ್ಟ್‌ನಲ್ಲಿ ನಾಲ್ಕು ಜನರ ಕೈಯಲ್ಲಿ ಎಲ್ಲ ಇರುತ್ತದೆ. ಸಂಘದಲ್ಲಿ ವರ್ಷಕ್ಕೊಮ್ಮೆ ಸಭೆ ಕರೆಯಲೇಬೇಕು, ಊರವರು ಎದ್ದುನಿಂತು ಪ್ರಶ್ನೆ ಕೇಳಬಹುದು.

ಬೈಲಾದಲ್ಲಿ ಉದ್ದೇಶ ಬರೆಯುವಾಗ ಸುಮ್ನೆ 'ಸಮಾಜಸೇವೆ' ಅಂತ ಬರೆದು ಮುಗಿಸಬೇಡಿ. ರೋಗಿಗಳಿಗೆ ಸಲಕರಣೆ ಉಚಿತವಾಗಿ ಕೊಡುವುದು, ವಿದ್ಯಾರ್ಥಿವೇತನ, ಕೆರೆ ಸಂರಕ್ಷಣೆ, ಹೀಗೆ ಬಿಡಿಸಿ ಬರೆಯಿರಿ. ಸಂಘ ಮುಚ್ಚಿದರೆ ಆಸ್ತಿ ಅಂಥದ್ದೇ ಉದ್ದೇಶದ ಇನ್ನೊಂದು ಸಂಸ್ಥೆಗೆ ಹೋಗಬೇಕು, ಸದಸ್ಯರು ಹಂಚಿಕೊಳ್ಳುವಂತಿಲ್ಲ ಅನ್ನುವ ಸಾಲು ಇರಲೇಬೇಕು. ಆದಾಯ ತೆರಿಗೆಯವರು ಮೊದಲು ಹುಡುಕುವುದೇ ಆ ಸಾಲನ್ನು. ಆಮೇಲೆ ಸಂಘದ ಹೆಸರಿನಲ್ಲಿ ಪಾನ್ ಕಾರ್ಡ್ ಮಾಡಿಸಿ, ಬ್ಯಾಂಕ್ ಖಾತೆ ತೆರೆಯಿರಿ, ಚೆಕ್‌ಗೆ ಇಬ್ಬರ ಸಹಿ ಇಡಿ. ಖಜಾಂಚಿಯ ಸ್ವಂತ ಫೋನ್‌ಪೇ ನಂಬರಿಗೆ ಒಂದು ರೂಪಾಯಿಯೂ ಬರಬಾರದು. ಎಷ್ಟೇ ಅರ್ಜೆಂಟ್ ಇದ್ದರೂ ಬರಬಾರದು.

ಯಾರನ್ನು ಕೇಳಬೇಕು, ಯಾವಾಗ ಕೇಳಬೇಕು

ನಾನು ಎಲ್ಲಕ್ಕಿಂತ ಜಾಸ್ತಿ ಕಲಿತದ್ದು ಇಲ್ಲಿ. ನಮ್ಮ ಜಿಲ್ಲೆಯಲ್ಲಿ ದುಡ್ಡಿಗೆ ಋತು ಇದೆ. ಅದನ್ನು ತಿಳಿಯದೇ ಕೇಳಿದರೆ ಕೊಡಬೇಕೆಂದು ಮನಸ್ಸಿದ್ದವರೂ ಕೊಡಲಾರರು, ಕೇಳಿದವರಿಗೂ ಬೇಜಾರು, ಅವರಿಗೂ ಮುಜುಗರ.

ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಿಗರ ಕೈಯಲ್ಲಿ ದುಡ್ಡು ಆಡುವುದು ಅಡಿಕೆ ಕೊಯ್ದು, ಸುಲಿದು, ಒಣಗಿಸಿ ಸೊಸೈಟಿಗೆ ಹಾಕಿದ ಮೇಲೆ. ಅಂದರೆ ಹೆಚ್ಚುಕಡಿಮೆ ಸಂಕ್ರಾಂತಿಯಿಂದ ಯುಗಾದಿ ಆಚೀಚೆವರೆಗೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಸುವ ಖರ್ಚಿನಲ್ಲಿರುವವರ ಮನೆಗೆ ರಸೀದಿ ಪುಸ್ತಕ ಹಿಡಿದು ಹೋಗಬಾರದು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಆಗ ಬೈತಕೋಲ, ತದಡಿ, ಹೊನ್ನಾವರದ ಬಂದರುಗಳಲ್ಲಿ ಬೋಟಿನ ಕೆಲಸದವರಿಗೆ ದುಡಿಮೆಯೇ ಇಲ್ಲ. ಆ ಎರಡು ತಿಂಗಳು ಅವರ ಮನೆಗೆ ನಾವು ಕೊಡುವುದಕ್ಕೆ ಹೋಗಬೇಕು, ಕೇಳುವುದಕ್ಕಲ್ಲ.

ಮುಂಬಯಿಯವರು ಬರುವುದು ಮೇ ತಿಂಗಳಲ್ಲಿ, ಆಮೇಲೆ ಚೌತಿಗೆ. ಊರಿಗೆ ಬಂದಾಗ ಮನೆಗೆ ಹೋಗಿ ಕೋಣೆಗೆ ಕರೆದುಕೊಂಡು ಬನ್ನಿ. ದುಡ್ಡಿನ ಮಾತು ಬೇಡ. ಮಂಚ ತೋರಿಸಿ, ಪುಸ್ತಕ ತೋರಿಸಿ, ಚಹಾ ಕೊಡಿ. ಹೋದ ಚೌತಿಗೆ ಒಬ್ಬರು ಪುಸ್ತಕದ ಹಾಳೆ ಮಗುಚುತ್ತಾ ಸುಮ್ಮನೆ ನಿಂತುಬಿಟ್ಟರು. ನೋಡಿದರೆ ಅವರ ಚಿಕ್ಕಮ್ಮನ ಹೆಸರು ಅಲ್ಲಿತ್ತು. ಏರ್‌ಬೆಡ್ ಒಯ್ದು ನಾಲ್ಕು ತಿಂಗಳು ಇಟ್ಟುಕೊಂಡಿದ್ದರು, ಚಿಕ್ಕಮ್ಮ ತೀರಿಕೊಂಡ ಮೇಲೆ ಮನೆಯವರು ತೊಳೆದು ಒಣಗಿಸಿ ವಾಪಸ್ ತಂದಿದ್ದರು. ಪುಸ್ತಕ ನೋಡಿದ ಅವರು ಮುಂಬಯಿಗೆ ಹೋದ ಮೇಲೆ ಸಂಘದ ಖಾತೆಗೆ ದುಡ್ಡು ಬಂತು. ನಾವು ಬಾಯಿ ಬಿಟ್ಟು ಕೇಳಿರಲಿಲ್ಲ.

ಭಟ್ಕಳ, ಹೊನ್ನಾವರ ಕಡೆಯವರಿಗೆ ಗಲ್ಫ್ ನಂಟು ಜಾಸ್ತಿ. ಇಲ್ಲಿ ಒಂದು ಕಾನೂನು ಮಾತು ತಿಳಿದಿರಬೇಕು. ಹೊರದೇಶದಲ್ಲಿ ದುಡಿಯುತ್ತಿದ್ದರೂ ಭಾರತದ ಪಾಸ್‌ಪೋರ್ಟೇ ಇರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ಆದರೆ ಅಮೆರಿಕದ್ದೋ ಇಂಗ್ಲೆಂಡಿನದ್ದೋ ಪೌರತ್ವ ತೆಗೆದುಕೊಂಡವರು ಕೊಟ್ಟರೆ, ಅವರು ನಮ್ಮೂರಲ್ಲೇ ಹುಟ್ಟಿದ್ದರೂ, ಅದು ವಿದೇಶಿ ದೇಣಿಗೆ. ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಇಲ್ಲದ ಸಂಘ ಅದನ್ನು ಮುಟ್ಟುವಂತಿಲ್ಲ. ಆದ್ದರಿಂದ ಹೊರಗಿನಿಂದ ಕೊಡುವವರ ಪಾಸ್‌ಪೋರ್ಟಿನ ಪ್ರತಿ ಕೇಳಿ ಇಟ್ಟುಕೊಳ್ಳಿ. ಕೇಳಲು ಸಂಕೋಚ ಬೇಡ. ಕಾರಣ ಹೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಸಹಕಾರಿ ಸೊಸೈಟಿಗಳನ್ನು ಮರೆಯಬೇಡಿ. ಶಿರಸಿಯ ಅಡಿಕೆ ಬೆಳೆಗಾರರ ಸೊಸೈಟಿ ಟಿಎಸ್‌ಎಸ್ 1923ರಲ್ಲಿ ಹುಟ್ಟಿದ್ದು. ನಮ್ಮಲ್ಲಿ ಸಹಕಾರ ಅಂದರೆ ಅಷ್ಟು ಹಳೇ ವಿಷಯ. ಲಾಭ ಹಂಚುವಾಗ ಊರಿನ ಒಳ್ಳೇ ಕೆಲಸಕ್ಕೆ ಅಂತ ಒಂದಿಷ್ಟು ಎತ್ತಿಡುವ ಸೊಸೈಟಿಗಳು ಹಲವು ಕಡೆ ಇವೆ. ಅವರ ವಾರ್ಷಿಕ ವರದಿ ತೆಗೆದು ನೋಡಿ, ಲಾಭ ವಿಂಗಡಣೆಯ ಪುಟದಲ್ಲಿ ಗೊತ್ತಾಗುತ್ತದೆ. ಅರ್ಜಿ ಆಡಳಿತ ಮಂಡಳಿಯ ಸಭೆಗೆ ಹೋಗಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ನಿಮ್ಮ ಸಂಘದ ಸದಸ್ಯರೊಬ್ಬರು ಆ ಸೊಸೈಟಿಯ ಸದಸ್ಯರೂ ಆಗಿದ್ದರೆ ಅವರೇ ಅರ್ಜಿ ಒಯ್ದು ಕೊಡಲಿ.

ಇನ್ನು ನೂರು, ಇನ್ನೂರು ಕೊಡುವವರು. ಇವರೇ ಸಂಘದ ಬುನಾದಿ ಅಂತ ನಾನು ನಂಬಿದ್ದೇನೆ. ದೊಡ್ಡ ದಾನಿ ಒಂದು ವರ್ಷ ಕೊಡುತ್ತಾರೆ, ಮರುವರ್ಷ ಅವರಿಗೆ ಬೇರೆ ಕೆಲಸ ಕಾಣುತ್ತದೆ. ತಿಂಗಳಿಗೆ ನೂರು ರೂಪಾಯಿ ಕೊಡುವ ಐವತ್ತು ಮನೆ ಇದ್ದರೆ ಕೋಣೆಯ ಕರೆಂಟ್ ಬಿಲ್ಲು, ರಿಪೇರಿ, ಸಾಗಾಟ ನಡೆದುಹೋಗುತ್ತದೆ. ಮೀನು ಮಾರುವ ಒಬ್ಬ ಅಕ್ಕ ಪ್ರತಿ ತಿಂಗಳು ಐವತ್ತು ರೂಪಾಯಿ ಕೊಡುತ್ತಾರೆ. ರಸೀದಿ ಬರೆಯಲು ಕೂತರೆ "ತಮಾ, ರಸೀದಿ ಆಮೇಲೆ ಬರಿ, ಆ ಆಚೆಕೇರಿ ಅಜ್ಜಿಗೆ ಮಂಚ ಸಿಕ್ತಾ ಹೇಳು" ಅನ್ನುತ್ತಾರೆ. ರಸೀದಿಯನ್ನಂತೂ ಬರೆದೇ ಕೊಡುತ್ತೇನೆ.

ಪತ್ರ ಒಂದೇ ಪುಟ ಇರಲಿ

ದೊಡ್ಡ ಮೊತ್ತ ಕೇಳುವಾಗ ಪತ್ರ ಬೇಕು. ನಾವು ಮೊದಮೊದಲು ನಾಲ್ಕು ಪುಟ ಬರೆಯುತ್ತಿದ್ದೆವು. ಸಂಘದ ಇತಿಹಾಸ, ಪದಾಧಿಕಾರಿಗಳ ಫೋಟೋ, ಗಣ್ಯರು ಬಂದು ದೀಪ ಬೆಳಗಿದ್ದು. ಯಾರೂ ಓದಲಿಲ್ಲ. ಈಗ ಹೀಗೆ ಬರೆಯುತ್ತೇವೆ:

"ನಮ್ಮ ಸುತ್ತಲಿನ ಐದು ಹಳ್ಳಿಗಳಲ್ಲಿ ಈಗ ಏರ್‌ಬೆಡ್ ಬೇಕಾದವರು ನಾಲ್ಕು ಜನ, ನಮ್ಮಲ್ಲಿ ಇರುವುದು ಎರಡು. ಎರಡು ಮನೆಯವರು ಕಾಯುತ್ತಿದ್ದಾರೆ. ಇನ್ನೆರಡು ಏರ್‌ಬೆಡ್ ಮತ್ತು ಅವುಗಳ ಪಂಪಿಗೆ ಆಗುವ ಖರ್ಚಿನ ಮೂರು ಅಂಗಡಿಯ ಕೊಟೇಶನ್ ಜೊತೆಗಿದೆ. ಇದರಲ್ಲಿ ಮೂರನೇ ಒಂದು ಭಾಗ ಊರಲ್ಲಿ ಸೇರಿದೆ. ಉಳಿದದ್ದಕ್ಕೆ ತಮ್ಮ ನೆರವು ಬೇಡುತ್ತೇವೆ. ಸಾಮಾನು ಬಂದ 15 ದಿನದಲ್ಲಿ ಬಿಲ್ಲಿನ ಪ್ರತಿ ತಮಗೆ ತಲುಪಿಸುತ್ತೇವೆ."

ಇಷ್ಟೇ. ಕೊರತೆ ಎಷ್ಟು, ಬೆಲೆ ಎಷ್ಟು, ಊರವರು ಎಷ್ಟು ಹಾಕಿದ್ದಾರೆ, ಲೆಕ್ಕ ಯಾವಾಗ ಕೊಡುತ್ತೀರಿ. ಊರವರು ಮೊದಲು ಕೈ ಹಾಕಿದ್ದಾರೆ ಅನ್ನುವ ಸಾಲಿಗೆ ಬಹಳ ಬೆಲೆ ಇದೆ. ರೋಗಿಗಳ ಹೆಸರು, ಫೋಟೋ ಮಾತ್ರ ಬೇಡವೇ ಬೇಡ. ಹಾಸಿಗೆ ಹಿಡಿದವರ ಫೋಟೋ ವಾಟ್ಸಾಪ್‌ನಲ್ಲಿ ಹಾಕಿ ದುಡ್ಡು ಕೇಳುವುದು ನನಗೆ ಸರಿ ಕಾಣುವುದಿಲ್ಲ. ಅವರ ಮಾನ ಅವರಿಗೆ ಇರುತ್ತದೆ.

ಬೇಡದ್ದನ್ನು ಬೇಡ ಅನ್ನಲೂ ಕಲಿಯಬೇಕು. ಒಬ್ಬರು ಹಳೇ ಕಬ್ಬಿಣದ ಮಂಚ ಐದು ಕೊಡುತ್ತೇವೆ ಅಂದರು. ಒಳ್ಳೇ ಮನಸ್ಸಿನಿಂದಲೇ ಹೇಳಿದ್ದು. ನಾವು ಒಪ್ಪಿ ತಂದೆವು. ನಮ್ಮದು ಕಡಲ ಬದಿ, ಉಪ್ಪುಗಾಳಿ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ತಿರುಗಿಸುವ ಹಿಡಿ ತುಕ್ಕು ಹಿಡಿದು ಕೂತಿತು, ತಲೆಯ ಕಡೆ ಏಳಲೇ ಇಲ್ಲ. ಐದೂ ಗುಜರಿಗೆ ಹೋದವು, ಸಾಗಾಟದ ಖರ್ಚು ನಮ್ಮ ಮೇಲೆ ಬಿತ್ತು. ಈಗ ಒಳ್ಳೇ ಪೌಡರ್ ಕೋಟಿಂಗ್ ಇದ್ದರೆ ಅಥವಾ ಸ್ಟೀಲಿನದ್ದಾದರೆ ಮಾತ್ರ ತೆಗೆದುಕೊಳ್ಳುತ್ತೇವೆ, ಗಾಲಿಕುರ್ಚಿಯ ಚಕ್ರಕ್ಕೆ ತಿಂಗಳಿಗೊಮ್ಮೆ ಗ್ರೀಸ್ ಹಾಕುತ್ತೇವೆ.

ರಸೀದಿ ಮತ್ತು ತೆರಿಗೆ

ಇದು ಬೇಜಾರಿನ ಭಾಗ, ಆದರೂ ಓದಿ.

ಆದಾಯ ತೆರಿಗೆ ಇಲಾಖೆಯ 12ಎ ನೋಂದಣಿ ಇದ್ದರೆ ಸಂಘದ ಆದಾಯಕ್ಕೆ ತೆರಿಗೆ ವಿನಾಯಿತಿ ಸಿಗುತ್ತದೆ. 80ಜಿ ಇದ್ದರೆ ಕೊಟ್ಟವರಿಗೆ ತಮ್ಮ ತೆರಿಗೆಯಲ್ಲಿ ರಿಯಾಯ್ತಿ ಸಿಗುತ್ತದೆ. ನಮ್ಮಂಥ ಸಂಘಕ್ಕೆ ಕೊಟ್ಟ ಹಣದಲ್ಲಿ ಸಾಮಾನ್ಯವಾಗಿ ಅರ್ಧದಷ್ಟನ್ನು ಅವರು ಆದಾಯದಿಂದ ಕಳೆದು ತೋರಿಸಬಹುದು, ಅದಕ್ಕೂ ಮೇಲ್ಮಿತಿ ಇದೆ. ಅರ್ಜಿ ಆನ್‌ಲೈನ್. ಹೊಸ ಸಂಘಕ್ಕೆ ಮೊದಲು 3 ವರ್ಷದ ತಾತ್ಕಾಲಿಕ ನೋಂದಣಿ, ಆಮೇಲೆ ಪೂರ್ಣ ಪ್ರಮಾಣದ ನೋಂದಣಿಗೆ ಮತ್ತೆ ಅರ್ಜಿ. ಆ ಎರಡನೇ ಅರ್ಜಿಯ ತಾರೀಕು ಮರೆತು ಒದ್ದಾಡಿದ ಸಂಘಗಳು ನನಗೆ ಗೊತ್ತು. ಗೋಡೆ ಮೇಲೆ ಬರೆದಿಡಿ. ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ, ಅದರಲ್ಲಿ ಸೆಕ್ಷನ್ ನಂಬರ್‌ಗಳು ಬದಲಾಗಿವೆ. ಜನರ ಬಾಯಲ್ಲಿ ಇರುವುದು 12ಎ, 80ಜಿ ಅಂತಲೇ, ಹಾಗಾಗಿ ಇಲ್ಲಿ ಹಳೇ ನಂಬರನ್ನೇ ಬರೆದಿದ್ದೇನೆ. ಅರ್ಜಿ ತುಂಬುವಾಗ ಈಗಿನ ಫಾರ್ಮ್ ಯಾವುದು, ಗಡುವು ಯಾವುದು ಅಂತ ನಿಮ್ಮ ಸಿ.ಎ. ಹತ್ತಿರ ಕೇಳಿಕೊಳ್ಳಿ.

80ಜಿ ರಿಯಾಯ್ತಿ ಬೇಕಾದವರು 2,000 ರೂಪಾಯಿ ಮೀರಿದರೆ ನಗದಾಗಿ ಕೊಡಬಾರದು. ಚೆಕ್ಕು, ಯುಪಿಐ, ಬ್ಯಾಂಕ್ ವರ್ಗಾವಣೆ, ಯಾವುದಾದರೂ ಆಗಬಹುದು. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಈ ರಿಯಾಯ್ತಿ ಇಲ್ಲ. ಸಂಬಳದವರಲ್ಲಿ ಹಲವರು ಈಗ ಅದರಲ್ಲೇ ಇದ್ದಾರೆ. ಹಾಗಾಗಿ 'ತೆರಿಗೆ ಉಳಿಯುತ್ತದೆ' ಅಂತ ಎಲ್ಲರಿಗೂ ಹೇಳಿ ದೇಣಿಗೆ ಕೇಳಬೇಡಿ, ಆಮೇಲೆ ಅವರು ರಿಟರ್ನ್ ತುಂಬುವಾಗ ನಿಮ್ಮ ಮಾತು ಸುಳ್ಳಾಗುತ್ತದೆ.

ರಸೀದಿಯಲ್ಲಿ ಹೆಸರು, ವಿಳಾಸ, ಪಾನ್ ನಂಬರ್, ಮೊತ್ತ, ಯಾವುದಕ್ಕಾಗಿ ಕೊಟ್ಟದ್ದು, ಎಲ್ಲ ಇರಲಿ. ಯಾರು ಕೊಟ್ಟರು ಅಂತ ಗೊತ್ತಿಲ್ಲದ ದೇಣಿಗೆ ಒಂದು ಮಿತಿ ದಾಟಿದರೆ ಅದರ ಮೇಲೆ ಸಂಘವೇ 30 ಪ್ರತಿಶತ ತೆರಿಗೆ ಕಟ್ಟಬೇಕಾಗುತ್ತದೆ. ಆದ್ದರಿಂದ 'ಹೆಸರು ಬೇಡ, ಗುಪ್ತದಾನ' ಅನ್ನುವವರಿಗೂ ವಿಷಯ ತಿಳಿಸಿ ಹೇಳಿ. ಬೋರ್ಡಿನಲ್ಲಿ ಹೆಸರು ಹಾಕುವುದಿಲ್ಲ, ಪುಸ್ತಕದಲ್ಲಿ ಮಾತ್ರ ಇರುತ್ತದೆ ಅಂದರೆ ಒಪ್ಪುತ್ತಾರೆ. ಒಬ್ಬರಿಂದ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳುವುದಕ್ಕಂತೂ ಕಾನೂನಿನಲ್ಲೇ ಅವಕಾಶ ಇಲ್ಲ.

ಕಂಪನಿಗಳ ಸಿಎಸ್‌ಆರ್

2013ರ ಕಂಪನಿ ಕಾಯ್ದೆಯ ಪ್ರಕಾರ ಒಂದು ಮಟ್ಟಕ್ಕಿಂತ ದೊಡ್ಡ ಕಂಪನಿಗಳು ಹಿಂದಿನ 3 ವರ್ಷದ ಸರಾಸರಿ ನಿವ್ವಳ ಲಾಭದ 2 ಪ್ರತಿಶತವನ್ನು ಸಮಾಜಕ್ಕೆ ಖರ್ಚು ಮಾಡಬೇಕು, ಸಿಎಸ್‌ಆರ್ ಅನ್ನುವುದು ಇದಕ್ಕೇ. ತಾವು ಕೆಲಸ ಮಾಡುವ ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಅಂತಲೂ ಅದರಲ್ಲೇ ಇದೆ. ಈ ಮಾತನ್ನು ಪತ್ರದಲ್ಲಿ ಧೈರ್ಯವಾಗಿ ಬರೆಯಬಹುದು. ನಮ್ಮ ಜಿಲ್ಲೆಯಲ್ಲಿ ಕೈಗಾ ಅಣುಸ್ಥಾವರ ಇದೆ, ದಾಂಡೇಲಿಯಲ್ಲಿ ಕಾಗದ ಕಾರ್ಖಾನೆ ಇದೆ, ಕಾರವಾರದ ಬಿಣಗಾದಲ್ಲಿ ರಾಸಾಯನಿಕ ಕಾರ್ಖಾನೆ ಇದೆ. ಆಯಾ ಸುತ್ತಲಿನ ಊರುಗಳ ಸಂಘಗಳು ಮೊದಲು ಅಲ್ಲಿ ವಿಚಾರಿಸಬೇಕು.

ಕಂಪನಿಯ ಪರವಾಗಿ ನಿಮ್ಮ ಸಂಘವೇ ಕೆಲಸ ಮಾಡುವುದಾದರೆ 12ಎ, 80ಜಿ ಎರಡೂ ಬೇಕು, 3 ವರ್ಷ ಕೆಲಸ ಮಾಡಿದ ದಾಖಲೆ ಬೇಕು, ಸಿಎಸ್‌ಆರ್-1 ಅನ್ನುವ ಫಾರ್ಮ್ ತುಂಬಿ ನಂಬರ್ ಪಡೆದಿರಬೇಕು. ಆ ನಂಬರ್ 2021ರ ಏಪ್ರಿಲ್‌ನಿಂದ ಕಡ್ಡಾಯ. ನಮಗೆ ಇದು ತಿಳಿದದ್ದು ಪೆಟ್ಟು ತಿಂದ ಮೇಲೆ. ಒಂದು ಕಂಪನಿಯವರು ಬಂದು ಕೋಣೆ ನೋಡಿ, ಖುಷಿಪಟ್ಟು, ಆಕ್ಸಿಜನ್ ಯಂತ್ರ ಕೊಡಲು ಒಪ್ಪಿದ್ದರು. ಕಾಗದ ಕೇಳಿದಾಗ ನಮ್ಮ ಹತ್ತಿರ ಸಂಘದ ನೋಂದಣಿ ಪತ್ರ ಬಿಟ್ಟರೆ ಏನೂ ಇರಲಿಲ್ಲ. ಅವರ ವರ್ಷ ಮಾರ್ಚ್‌ಗೆ ಮುಗಿಯುತ್ತಿತ್ತು, ಆ ದುಡ್ಡು ಬೇರೆ ಕಡೆ ಹೋಯಿತು. ಆ ಮಳೆಗಾಲ ಯಂತ್ರ ಬೇಕು ಅಂತ ಬಂದ ಮೂರು ಮನೆಯವರಿಗೆ ಇಲ್ಲ ಅನ್ನಬೇಕಾಯಿತು. ಇವತ್ತಿಗೂ ಅದು ನನ್ನ ಮನಸ್ಸಿನಲ್ಲಿದೆ. ಅದಕ್ಕೇ ಹೇಳುವುದು, ದಾನಿ ಸಿಗುವ ಮೊದಲೇ ಕಾಗದ ಮಾಡಿಸಿಡಿ. ನೀತಿ ಆಯೋಗದ ದರ್ಪಣ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ ಅದರ ನಂಬರ್ ಕೂಡ ಇಟ್ಟುಕೊಳ್ಳಿ, ಕೇಳುವವರು ಇರುತ್ತಾರೆ.

ದೇವಸ್ಥಾನದ ಉತ್ಸವ, ಹೊರೆಕಾಣಿಕೆ ಇಂಥದ್ದಕ್ಕೆ ಸಿಎಸ್‌ಆರ್ ಕೇಳಿ ಪ್ರಯೋಜನ ಇಲ್ಲ. ಆರೋಗ್ಯ, ಶಿಕ್ಷಣ, ಕುಡಿಯುವ ನೀರು, ಪರಿಸರ, ಜಾನಪದ ಕಲೆ, ಗ್ರಾಮೀಣ ಕ್ರೀಡೆ ಇವಕ್ಕೆಲ್ಲ ಕೇಳಬಹುದು.

ಲೆಕ್ಕ ಗೋಡೆ ಮೇಲೆ ಇರಲಿ

ನಮ್ಮ ಕೋಣೆಯ ಹೊರಗೋಡೆಗೆ ಒಂದು ಕಪ್ಪುಹಲಗೆ ಇದೆ. ತಿಂಗಳ ಮೊದಲ ಭಾನುವಾರ ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತೇನೆ: ಹಿಂದಿನ ಬಾಕಿ, ಬಂದದ್ದು, ಖರ್ಚು, ಉಳಿದದ್ದು. ನಾಲ್ಕೇ ಸಾಲು. ಖರ್ಚಿನ ಬಿಲ್ಲುಗಳ ಫೈಲು ಒಳಗೆ ಮೇಜಿನ ಮೇಲೆ, ಯಾರು ಬೇಕಾದರೂ ತೆಗೆದು ನೋಡಬಹುದು. ನೋಡುವವರು ಕಡಿಮೆ. ಆದರೆ ಒಮ್ಮೆ ನನಗೆ ಜ್ವರ ಬಂದು ಒಂದು ತಿಂಗಳು ಬರೆಯಲಿಲ್ಲ. ಆ ವಾರ ನಾಲ್ಕು ಜನ ಕೇಳಿದರು, "ಹಲಗೆ ಯಾಕೆ ಖಾಲಿ?" ಅಂತ. ಅವತ್ತಿನಿಂದ ನನಗೆ ಆಗದಿದ್ದರೆ ಕಾರ್ಯದರ್ಶಿ ಬರೆಯಬೇಕು ಅಂತ ನಿಯಮ ಮಾಡಿದ್ದೇವೆ.

ದೊಡ್ಡ ದೇಣಿಗೆ ಯಾವ ಕೆಲಸಕ್ಕೆ ಬಂತೋ ಅದಕ್ಕೇ ಹೋಗಬೇಕು. ಏರ್‌ಬೆಡ್‌ಗೆ ಕೊಟ್ಟದ್ದರಲ್ಲಿ ಉಳಿದರೆ ಕೊಟ್ಟವರನ್ನು ಕೇಳಿಯೇ ಬೇರೆಯದಕ್ಕೆ ಬಳಸಿ. ಖರ್ಚಾದ ಮೇಲೆ ಬಿಲ್ಲಿನ ಪ್ರತಿಯ ಜೊತೆ ಎರಡು ಸಾಲಿನ ಪತ್ರ ಕಳಿಸಿ. ವರ್ಷಕ್ಕೊಮ್ಮೆ ಸಿ.ಎ. ಕೈಯಲ್ಲಿ ಆಡಿಟ್ ಮಾಡಿಸಿ, ವಾರ್ಷಿಕ ಸಭೆಯಲ್ಲಿ ಓದಿ, ಲೆಕ್ಕ ಮತ್ತು ಪದಾಧಿಕಾರಿಗಳ ಪಟ್ಟಿಯನ್ನು ನೋಂದಣಾಧಿಕಾರಿಗೆ ಸಲ್ಲಿಸಿ. ಇದನ್ನು ಎರಡು ಮೂರು ವರ್ಷ ಬಿಟ್ಟುಬಿಟ್ಟರೆ ಆಮೇಲೆ ಸರಿಮಾಡುವುದು ಬಹಳ ಕಷ್ಟ, ದಂಡವೂ ಬೀಳುತ್ತದೆ.

ಸಾಮಾನು ಕೊಳ್ಳಲು ದುಡ್ಡು ಸಿಗುತ್ತದೆ, ರಿಪೇರಿಗೆ ಸಿಗುವುದಿಲ್ಲ. ಯಾವ ದಾನಿಗೂ ಫಿಲ್ಟರ್ ಬದಲಿಸಿದ್ದಕ್ಕೆ ಹೆಸರು ಹಾಕಿಸಿಕೊಳ್ಳುವ ಆಸೆ ಇರುವುದಿಲ್ಲ ಅಲ್ವಾ? ತಿಂಗಳ ವಂತಿಗೆಯನ್ನು ನಾವು ಬೇರೆಯದಕ್ಕೆ ಮುಟ್ಟದೇ ಇಂಥ ಖರ್ಚಿಗಂತಲೇ ಇಟ್ಟಿದ್ದೇವೆ. ಆಕ್ಸಿಜನ್ ಯಂತ್ರವನ್ನು ಡಾಕ್ಟರ್ ಚೀಟಿ ಇಲ್ಲದೇ ಕೊಡುವುದಿಲ್ಲ. ಎಷ್ಟು ಲೀಟರಿಗೆ ಇಡಬೇಕು ಅಂತ ಚೀಟಿಯಲ್ಲೇ ಇರಬೇಕು. ಅದು ಕರೆಂಟಿನಲ್ಲಿ ಓಡುವ ಯಂತ್ರ. ನಮ್ಮಲ್ಲಿ ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದಿರುವುದು ಮಾಮೂಲು. ಆದ್ದರಿಂದ ಒಯ್ಯುವ ಮನೆಯಲ್ಲಿ ಇನ್ವರ್ಟರ್ ಇದೆಯಾ, ಇಲ್ಲದಿದ್ದರೆ ಹತ್ತಿರ ಸಿಲಿಂಡರ್ ಎಲ್ಲಿ ಸಿಗುತ್ತದೆ ಅಂತ ಕೇಳಿ, ಪುಸ್ತಕದಲ್ಲಿ ಬರೆದುಕೊಂಡೇ ಕೊಡುತ್ತೇವೆ.

ಕೊಟ್ಟ ಸಾಮಾನು ವಾಪಸ್ ಬರುತ್ತದಾ ಅಂತ ಹಲವರು ಕೇಳುತ್ತಾರೆ. ಬರುತ್ತದೆ. ತಡ ಆಗುತ್ತದೆ ಅಷ್ಟೇ. ಸಾವಾದ ಮನೆಗೆ ಫೋನ್ ಮಾಡಿ ಮಂಚ ಕೇಳಬೇಡಿ. ಹದಿಮೂರು ದಿನ ಕಳೆಯಲಿ. ಆಮೇಲೂ ತರಲಿಲ್ಲ ಅಂದರೆ ನೀವೇ ರಿಕ್ಷಾ ತೆಗೆದುಕೊಂಡು ಹೋಗಿ, ಸ್ವಲ್ಪ ಹೊತ್ತು ಕೂತು ಮಾತಾಡಿ, ತೆಗೆದುಕೊಂಡು ಬನ್ನಿ.

ಮೇ ಕೊನೆಯ ವಾರ ನಮಗೆ ವರ್ಷದಲ್ಲೇ ಹೆಚ್ಚು ಕೆಲಸ. 80ಜಿ ಇರುವ ಸಂಘ ಹಿಂದಿನ ವರ್ಷದ ದೇಣಿಗೆಗಳ ವಿವರವನ್ನು ಮೇ 31ರೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕು, 10ಬಿಡಿ ಅಂತ ಕರೆಯುತ್ತಿದ್ದದ್ದು ಅದನ್ನೇ. ತಡವಾದರೆ ದಿನಕ್ಕೆ ಇಷ್ಟು ಅಂತ ಶುಲ್ಕ. ತುಂಬಿದ ಮೇಲೆ ಬರುವ ಪ್ರಮಾಣಪತ್ರವನ್ನು ಪ್ರತಿ ದಾನಿಗೂ ಕಳಿಸಬೇಕು. ಪಾನ್ ನಂಬರ್ ತಪ್ಪಾದ ರಸೀದಿಗಳನ್ನು ಹುಡುಕಿ, ಅವರಿಗೆ ಫೋನ್ ಮಾಡಿ ಸರಿಪಡಿಸುವುದರಲ್ಲೇ ಎರಡು ದಿನ ಹೋಗುತ್ತದೆ. ಅದೇ ವಾರ ಯಂತ್ರಗಳ ಸರ್ವಿಸ್, ಏರ್‌ಬೆಡ್‌ಗಳಿಗೆ ಗಾಳಿ ತುಂಬಿ ರಾತ್ರಿಯಿಡೀ ಬಿಟ್ಟು ಎಲ್ಲಾದರೂ ಸೋರುತ್ತದಾ ಅಂತ ನೋಡುವುದು, ಮಾಡಿನ ಹಂಚು ಸರಿಸಿ ಕೂರಿಸುವುದು. ಜೂನ್ 1ಕ್ಕೆ ಬೋಟುಗಳು ದಡ ಸೇರುತ್ತವೆ, ಹಿಂದೆಯೇ ಮಳೆ ಬರುತ್ತದೆ. ಅಷ್ಟರೊಳಗೆ ಕೋಣೆ ತಯಾರಿರಬೇಕು.